ಕೊಡಲು ಹೋದವಳ ಹೊಟ್ಟೆಯಲ್ಲಿ ಸಿಕ್ಕಿದ್ದು

ತಮ್ಮನ ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ಗೊತ್ತಾದ ದಿನವೇ ಅಕ್ಕ ತೀರ್ಮಾನ ಮಾಡಿಬಿಟ್ಟಿದ್ದಳು. ಇಪ್ಪತ್ತೆಂಟು ವರ್ಷ ಲಾಂಡ್ರಿಯಲ್ಲಿ ನಿಂತೇ ಇಸ್ತ್ರಿ ಹಾಕಿದವಳು. ಅಮ್ಮ ತೀರಿಕೊಂಡಾಗ ಅವಳಿಗೆ ಹದಿನೇಳು, ತಮ್ಮನಿಗೆ ಆರು. ಅಂದಿನಿಂದ ಅವನನ್ನು ‘ಮರಿ’ ಎಂದು ಕರೆದವಳು, ಅವನಿಗೆ ಮದುವೆಯಾಗಿ, ತಲೆ ಬೋಳಾಗಿ, ಬೀಗ ರಿಪೇರಿಯ ಸ್ವಂತ ಅಂಗಡಿ ಇಟ್ಟ ಮೇಲೂ ಹಾಗೇ ಕರೆಯುತ್ತಿದ್ದಳು.

“ನಂಗೆ ಎರಡಿದೆ, ಒಂದು ನಿಂಗೆ. ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ?”

“ನಿನ್ನ ಕಿಡ್ನಿ ಹಾಕಿಸ್ಕೊಂಡ್ರೆ ಅದು ಒಳಗೆ ಕೂತ್ಕೊಂಡೇ ನಂಗೆ ಬುದ್ಧಿ ಹೇಳುತ್ತೆ,” ಎಂದು ತಮ್ಮ ನಕ್ಕ.

ರಕ್ತ ಹೊಂದಿತು. ಹೊಟ್ಟೆಯ ಸ್ಕ್ಯಾನ್ ಆದ ಮೇಲೆ ಡಾಕ್ಟರು ಅಕ್ಕನೊಬ್ಬಳನ್ನೇ ಒಳಗೆ ಕರೆದರು.

“ನಿಮ್ಮ ಕಿಡ್ನಿ ಚೆನ್ನಾಗಿದೆ. ತೊಂದ್ರೆ ಇರೋದು ಬೇರೆ ಕಡೆ,” ಎಂದು ಪರದೆಯ ಮೇಲೆ ಬೆರಳಿಟ್ಟರು. ಜಠರದ ಹಿಂದೆ ಅಡ್ಡಲಾಗಿ ಮಲಗಿದ್ದ ಮೇದೋಜೀರಕ ಗ್ರಂಥಿ. ಅದರ ತುಂಬ ಕೊಬ್ಬು ಸೇರಿಕೊಂಡಿತ್ತು. ಒಂದು ತುದಿಯಲ್ಲಿ ದ್ರಾಕ್ಷಿಯಷ್ಟು ದೊಡ್ಡ ನೀರುಗುಳ್ಳೆ, ಅದರ ಒಳಗೋಡೆಗೆ ಅಂಟಿದ ಸಣ್ಣ ಗಂಟು.

“ಕೊಬ್ಬಾ? ನಂಗಾ?” ಅಕ್ಕನಿಗೆ ನಗು ಬಂತು. ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕಡ್ಡಿ ಎನ್ನುತ್ತಿದ್ದರು.

“ಹೊರಗೆ ಕಾಣ್ಲೇಬೇಕು ಅಂತಿಲ್ಲಮ್ಮ. ಕೊಬ್ಬಿದ್ದೋರಿಗೆಲ್ಲ ಹೀಗಾಗಲ್ಲ, ಆದ್ರೆ ಅಂಥೋರಲ್ಲಿ ಇಂಥ ಬೆಳವಣಿಗೆ ಸ್ವಲ್ಪ ಜಾಸ್ತಿ ಸಿಗುತ್ತೆ. ಇದು ಇನ್ನೂ ಕ್ಯಾನ್ಸರ್ ಆದ ಹಾಗೆ ಕಾಣ್ತಿಲ್ಲ. ಹಾಗೇ ಬಿಟ್ರೆ ಆಗ್ಬಹುದು.”

“ಇನ್ನೂ ಆಗಿಲ್ಲ ತಾನೇ? ಮೊದ್ಲು ಕಿಡ್ನಿ ತಗೊಂಡ್ಬಿಡಿ. ಆಮೇಲೆ ಇದನ್ನ ಏನ್ ಬೇಕಾದ್ರೂ ಮಾಡಿ.”

ಡಾಕ್ಟರು ಆಗದು ಎಂದು ತಲೆಯಾಡಿಸಿದರು. “ಒಂದೇ ಒಂದು ಕೆಟ್ಟ ಕಣ ಕಿಡ್ನಿ ಜೊತೆ ಹೋದ್ರೂ ಸಾಕು. ಹೊಸ ಕಿಡ್ನಿ ಉಳ್ಸಿಕೊಳ್ಳೋಕೆ ನಿಮ್ಮ ತಮ್ಮ ತಗೊಳ್ಳೋ ಮಾತ್ರೆ ಮೈಯಲ್ಲಿರೋ ತಡೆಯೋ ಶಕ್ತಿನೇ ಕುಗ್ಗಿಸುತ್ತೆ. ಅವ್ರಿಗೆ ವಿಷ ಕೊಟ್ಟ ಹಾಗಾಗುತ್ತೆ.”

ಮನೆಯಲ್ಲಿ ಅಕ್ಕ ಒಂದೇ ಮಾತು ಹೇಳಿದಳು. “ನಂದು ಹೊಂದಲ್ವಂತೆ.” ರಿಪೋರ್ಟನ್ನು ಬೀರುವಿನ ಬಟ್ಟೆಗಳಡಿ ತಳ್ಳಿ ಬೀಗ ಹಾಕಿದಳು. ಗಂಟು ತೆಗೆಯುವ ಆಪರೇಷನ್ನಿಗೆ ಅವಳಿಗೆ ಕೊಟ್ಟ ದಿನ ಬಂತು, ಹೋಯಿತು. ತಾನು ಹಾಸಿಗೆ ಹಿಡಿದರೆ ವಾರಕ್ಕೆ ಮೂರು ದಿನ ಮರಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವವರು ಯಾರು? ಅವನ ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಹಗಲಿಡೀ ಕೆಲಸ.

ಆ ಹೆಂಡತಿಯೇ ಒಂದು ದಿನ ಪಾತ್ರೆ ತೊಳೆಯುತ್ತ, ಇತ್ತ ತಿರುಗದೆ ಅಂದಳು: “ಹೆದ್ರಿಕೆ ಆಯ್ತು ಅಂತ ನೇರವಾಗಿ ಹೇಳಿದ್ರೆ ನಾವೇನೂ ಬೇಜಾರು ಮಾಡ್ಕೊಳ್ತಿರ್ಲಿಲ್ಲ.” ಅಕ್ಕ ತೊಳೆದ ತಟ್ಟೆಗಳನ್ನು ಒರೆಸಿ ಒರೆಸಿ ಇಟ್ಟಳು.

ಎರಡು ತಿಂಗಳ ಮೇಲೆ ಆಸ್ಪತ್ರೆಯಿಂದ ಫೋನ್ ಬಂದಾಗ ಅಕ್ಕ ಸ್ನಾನಕ್ಕೆ ಹೋಗಿದ್ದಳು. ತಮ್ಮ ಎತ್ತಿಕೊಂಡ. ಆಪರೇಷನ್ ಎರಡು ಸಲ ತಪ್ಪಿಸಿದ್ದಾರೆ, ಈ ಸಲವಾದರೂ ಬರುತ್ತಾರಾ ಎಂದರು. ಬೀರುವಿನ ಬೀಗ ತೆಗೆಯಲು ಅವನಿಗೆ ಅರ್ಧ ನಿಮಿಷ ಹಿಡಿಯಲಿಲ್ಲ. ಅವಳು ಹೊರಬಂದಾಗ ರಿಪೋರ್ಟು ಅವನ ತೊಡೆಯ ಮೇಲಿತ್ತು.

“ನೀನು ಆಪರೇಷನ್ ಮಾಡಿಸ್ಕೊಳ್ಳೋವರೆಗೂ ನಾನು ಡಯಾಲಿಸಿಸ್‌ಗೆ ಹೋಗಲ್ಲ.”

“ತಲೆ ಕೆಟ್ಟಿದ್ಯಾ ಮರಿ?”

ಅವನು ನಿಜವಾಗಿಯೂ ಹೋಗಲಿಲ್ಲ. ಮರುದಿನ ಸಂಜೆಯ ಹೊತ್ತಿಗೆ ಮುಖ ಊದಿತು, ಉಸಿರು ಕಟ್ಟತೊಡಗಿತು. ಅಕ್ಕ ಅವನೆದುರೇ ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತು ಮಾಡಿದ ಮೇಲೆಯೇ ಅವನು ಎದ್ದು ಚಪ್ಪಲಿ ಮೆಟ್ಟಿದ.

ಗ್ರಂಥಿಯ ಅರ್ಧ ಭಾಗವನ್ನೇ ತೆಗೆದರು. ನಾಲ್ಕನೆಯ ದಿನ ತಮ್ಮ ಗೋಡೆ ಹಿಡಿದುಕೊಂಡು ವಾರ್ಡಿಗೆ ಬಂದ. “ನನಗೋಸ್ಕರ ಹೊಟ್ಟೆ ಕೊಯ್ಸಿಕೊಳ್ಳೋಕೆ ಹೊರಟಿದ್ದೆ. ಕೊನೆಗೂ ಒಂದ್ಸಲ ನಿನಗೋಸ್ಕರ ಏನೋ ಮಾಡ್ಕೊಂಡೆ ನೋಡು,” ಎಂದ. ಅವಳಿಗೆ ನಗು ತಡೆಯಲಾಗದೆ ಹೊಲಿಗೆ ನೋಯಿತು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕು ಎಂದು ನರ್ಸು ಹೇಳಿಕೊಟ್ಟಿದ್ದಳು. ಅದನ್ನೇ ಅಪ್ಪಿಕೊಂಡು ನಕ್ಕಳು.

ಆರನೆಯ ದಿನ ಅವನು ಬರಲಿಲ್ಲ. ಸಂಜೆ ಅವನ ಹೆಂಡತಿ ಬಂದು, ಮಂಚದ ತುದಿಯಲ್ಲಿ ಕೂತು, ಹೊದಿಕೆಯ ಮೇಲಿಂದಲೇ ಅಕ್ಕನ ಪಾದ ಹಿಡಿದುಕೊಂಡಳು.

ಅಕ್ಕ ಅವಳ ಕೈಗಳನ್ನು ನೋಡಿದಳು. “ಒಬ್ನೇ ಇದ್ನಾ?”

“ನಾನಿದ್ದೆ ಅಕ್ಕ. ಡಯಾಲಿಸಿಸ್ ನಡೀತಾ ಇತ್ತು. ಇವ್ರು ಎದೆ ಹಿಡ್ಕೊಳ್ತಾ ಇದೆ ಅಂದ್ರು. ‘ಅಕ್ಕನಿಗೆ ಈಗ್ಲೇ ಹೇಳ್ಬೇಡ, ಅವಳ ಹೊಲಿಗೆ ಇನ್ನೂ ಹಸಿ’ ಅಂದ್ರು. ಅಷ್ಟೇ.” “ನಾನು ಆವತ್ತು ಅಂದಿದ್ದು...” ಎಂದಳು.

“ಬಿಡು.”

ಅಳುವುದಕ್ಕೂ ಹೊಟ್ಟೆಯ ಬಲ ಬೇಕು. ಅಕ್ಕ ದಿಂಬನ್ನು ಒತ್ತಿ ಹಿಡಿದು, ಬಾಯಿ ತೆರೆದು, ಸದ್ದಿಲ್ಲದೆ ಅತ್ತಳು.

ಹದಿನೈದು ದಿನದ ಮೇಲೆ ಪರೀಕ್ಷೆಯ ಫಲಿತಾಂಶ ಬಂತು. ಗಂಟು ಕ್ಯಾನ್ಸರ್ ಆಗುವ ಅಂಚಿಗೆ ಬಂದಿತ್ತಂತೆ, ಪೂರ್ತಿ ತೆಗೆದಾಗಿತ್ತು. “ತಮ್ಮನಿಗೋಸ್ಕರ ಸ್ಕ್ಯಾನ್ ಮಾಡಿಸ್ದೇ ಇದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ. ಅದೃಷ್ಟವಂತೆ ನೀವು,” ಎಂದರು ಡಾಕ್ಟರು. ಅಕ್ಕ ಕಾಗದ ಮಡಚಿಕೊಂಡು ಹೊರಟುಬಂದಳು.

ತಮ್ಮ ಹೋಗಿ ಈಗ ಮೂರು ವರ್ಷ. ಅವಳು ಮತ್ತೆ ಇಸ್ತ್ರಿಗೆ ನಿಲ್ಲುತ್ತಾಳೆ. ಪ್ರತಿ ವರ್ಷದ ಸ್ಕ್ಯಾನಿಗೆ ತಮ್ಮನ ಹೆಂಡತಿ ರಜೆ ಹಾಕಿ ಜೊತೆಗೆ ಬರುತ್ತಾಳೆ. ಈ ಸಲ ಅಕ್ಕ ಆಸ್ಪತ್ರೆಯೊಳಗಿನಿಂದ ಬಂದು ಬಸ್‌ಸ್ಟಾಪಿನ ಬೆಂಚಿನ ಮೇಲೆ ಅವಳ ಪಕ್ಕ ಕೂತಳು.

“ಏನಂದ್ರು?”

“ಏನೂ ಇಲ್ವಂತೆ. ಚೆನ್ನಾಗಿದ್ದೀನಂತೆ.”

ಅವಳು ಅಕ್ಕನ ಕೈ ಹಿಡಿದುಕೊಂಡಳು. ಬಸ್ಸು ಬಂದು ನಿಂತಿತು, ಇಬ್ಬರೂ ಏಳಲಿಲ್ಲ.