ಎಡಗೈ ದೇವೀರಮ್ಮನ ರೈಟು

ದೇವೀರಮ್ಮ ಕೊಡವನ್ನು ಬಲಸೊಂಟದ ಮೇಲೆ ಹೊರುತ್ತಿದ್ದಳು. ಬಾಳೂರಿನ ಮೇಲುಗಡೆ ಇದ್ದ ಮಂಜಿನಕಾಡು ಎಸ್ಟೇಟಿನ ಸಾಲುಮನೆಗಳ ಕೂಲಿ ಲೈನಿನ ಹೆಂಗಸರೆಲ್ಲ ಎಡಸೊಂಟಕ್ಕೆ ಕೊಡ ಏರಿಸಿ ಬಲಗೈ ಬೀಸಿಕೊಂಡು ಹಳ್ಳದಿಂದ ಮೇಲೆ ಹತ್ತಿದರೆ, ಈಕೆಯೊಬ್ಬಳು ಎಡಗೈ ಬೀಸಿಕೊಂಡು, ಮೈಯನ್ನು ಬಲಕ್ಕೆ ವಾಲಿಸಿ, ಎದುರಾದವರ ಮೊಣಕೈಗೆ ಕೊಡ ತಗುಲಿಸುತ್ತಲೇ ಬರುವಳು. ಯಾರಾದರೂ ಗೊಣಗಿದರೆ ನಿಂತು, ತಿರುಗಿ, "ನೀನೇ ಸ್ವಲ್ಪ ಸರಿ ಮಾರಾಯ್ತಿ, ನಾನು ಹುಟ್ಟಿದ್ದೇ ಹಿಂಗೆ, ಹೇಳು ಮತ್ತೆ" ಎನ್ನುವಳು. 'ಹೇಳು ಮತ್ತೆ' ಎಂಬುದು ಅವಳ ಮಾತಿನ ಬಾಲ.

ಕುಳ್ಳನೆಯ ಆಳು, ಕಪ್ಪು ಮೈ, ಒತ್ತಾದ ಹುಬ್ಬು. ಮಳೆಗಾಲವಿರಲಿ ಬೇಸಗೆಯಿರಲಿ, ತೀರಿಹೋದ ಗಂಡ ಮಾರಯ್ಯನ ಕರೀ ಕೋಟು ಸೀರೆಯ ಮೇಲೆ ಇದ್ದೇ ಇರಬೇಕು. ಆ ಕೋಟಿನ ಎಡತೋಳನ್ನು ಮೊಣಕೈವರೆಗೆ ಮಡಿಚುತ್ತಿದ್ದಳು. ಬಲತೋಳು ಮಾತ್ರ ಬೆರಳುಗಳನ್ನೂ ಮುಚ್ಚಿಕೊಂಡು, ಆ ಕೈಗೆ ದೇವರು ರಜೆ ಕೊಟ್ಟಿದ್ದಾನೇನೋ ಎಂಬಂತೆ ಜೋತಾಡುತ್ತಿತ್ತು. ಕಾಫಿ ಗಿಡದ ಕಸಿಯಲ್ಲಿ, ಎಂದರೆ ಒಣಗಿದ ರೆಂಬೆಗಳನ್ನೂ ಬೇಡದ ಚಿಗುರುಗಳನ್ನೂ ಸವರಿ ಗಿಡಕ್ಕೆ ಬೆಳಕು ಬಿಡುವ ಕೆಲಸದಲ್ಲಿ, ಆ ಎಡಗೈಗೆ ಸಮನಾದ ಕೈ ಆ ಬೆಟ್ಟದ ಸಾಲಿನಲ್ಲಿ ಇನ್ನೊಂದಿರಲಿಲ್ಲ.

ಅವಳಿಗೆ ಬರುತ್ತಿದ್ದ ಇಂಗ್ಲಿಷು ಒಂದೇ ಪದ. ಆ ಕಾಲದಲ್ಲಿ ಕಾಫಿಯ ಬೆನ್ನಿಗೇ ಎಷ್ಟೋ ಇಂಗ್ಲಿಷ್ ಮಾತುಗಳು ಘಟ್ಟ ಹತ್ತಿ ಬಂದು ಲೈನಿನ ಒಲೆಗಳ ಮುಂದೆ ನೆಂಟರಂತೆ ಕೂತುಬಿಟ್ಟಿದ್ದವು. ಅವುಗಳಲ್ಲಿ 'ರೈಟ್' ಎಂಬುದು ಬಹುರೂಪಿ. ಕೊಟ್ಟಿಗೆಹಾರದಲ್ಲಿ ಕಂಡಕ್ಟರ್ ಬಸ್ಸಿನ ತಗಡು ಬಡಿದು "ರೈಟ್" ಎಂದರೆ ಗಾಡಿ ಹೊರಡಬೇಕು. ತೋಟದ ಬಿಳಿಯ ದೊರೆ ಗಿಡದ ಮುಂದೆ ನಿಂತು ಹಾಗೆಂದರೆ ಕೆಲಸ ಒಪ್ಪಿತವಾಯಿತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅದೇ ದೊರೆ ಅವಳ ಎಡಗೈಯ ಕತ್ತಿಯನ್ನು ಬೆತ್ತದಿಂದ ತಟ್ಟಿ, "ಈ ಕೈ ಬೇಡ. ರೈಟ್ ಹ್ಯಾಂಡ್!" ಎಂದು ಗದರಿದ್ದ. ದೇವೀರಮ್ಮ ಒಂದು ಸಾಲನ್ನು ಬಲಗೈಯಲ್ಲಿ ಕಸಿ ಮಾಡಿದಳು, ಪಕ್ಕದ ಸಾಲನ್ನು ಎಡಗೈಯಲ್ಲಿ. ಸಂಜೆ ದೊರೆ ಬಂದು ಮೊದಲ ಸಾಲಿಗೆ ಮುಖ ಸಿಂಡರಿಸಿ, ಎರಡನೆಯದರ ಮುಂದೆ ತಲೆದೂಗಿ "ರೈಟ್" ಅಂದ. "ಅದು ಎಡಗೈದು ಸ್ವಾಮಿ. ನೀವೇ ರೈಟ್ ಅಂದ್ರಿ, ಹೇಳಿ ಮತ್ತೆ" ಎಂದಳು. ಅಂದಿನಿಂದ ಬೆತ್ತ ಆ ಕೈಯ ತಂಟೆಗೆ ಬರಲಿಲ್ಲ.

ಎಸ್ಟೇಟಿನ ಗುಮಾಸ್ತ ಚನ್ನಕೇಶವಯ್ಯನವರನ್ನು ಎಲ್ಲರೂ ರೈಟರು ಎನ್ನುತ್ತಿದ್ದರು. ಬರೆಯುವವರಾದ್ದರಿಂದ ಆ ಹೆಸರು ಎಂಬುದು ದೇವೀರಮ್ಮನಿಗೆ ತಿಳಿಯದು. "ದೊರೆ ಏನಂದ್ರೂ ರೈಟ್ ರೈಟ್ ಅಂತಾರಲ್ಲ, ಅದಕ್ಕೇ ರೈಟರು" ಎಂದು ಅವಳು ವಿವರಿಸಿದ್ದು ಅವರ ಕಿವಿಗೂ ಬಿತ್ತು. ಸಾಧುಸ್ವಭಾವದ ಆ ಮನುಷ್ಯ ಕೋಪಿಸಿಕೊಳ್ಳಲಿಲ್ಲ. ಆದರೆ ಆ ಮಾತು ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಸಾವಿರದ ಒಂಬೈನೂರ ಮೂವತ್ತೆಂಟರ ಮಳೆಗಾಲ ಕಳೆದ ಮೇಲೆ ದೊರೆಯ ಹೆಂಡತಿ ಸೀಮೆಯಿಂದ ಬಂದಳು. ಲೈನಿನವರು ಹಳ್ಳಕ್ಕೆ ಹೋಗುವ ಕಾಲುದಾರಿ ಬಂಗಲೆಯ ಹೂದೋಟದ ಅಂಚಿನಲ್ಲೇ ಹಾದುಹೋಗುತ್ತಿತ್ತು. ಬೆಳಗಾದರೆ ಕಿಟಕಿಯ ಮುಂದೆ ಕೊಡಗಳ ಮೆರವಣಿಗೆ ಆಕೆಗೆ ಹಿಡಿಸಲಿಲ್ಲ. ವಾರದೊಳಗೆ ದಾರಿಗೆ ಅಡ್ಡಲಾಗಿ ಬಿದಿರಿನ ತಡಿಕೆ ಎದ್ದಿತು, ಅದರ ಮೇಲೊಂದು ಹಲಗೆ ಬಂತು.

"ಏನು ಬರ್ದದೆ ಸ್ವಾಮಿ?" ಎಂದು ದೇವೀರಮ್ಮ ರೈಟರನ್ನು ಕೇಳಿದಳು.

"ನೋ ರೈಟ್ ಆಫ್ ವೇ ಅಂತ."

"ನೋ ರೈಟ್ ಅಂದ್ರೆ ಸರಿಯಲ್ಲ ಅಂತಲ್ವಾ? ದಾರಿ ಮುಚ್ಚಿದ್ದು ಸರಿಯಲ್ಲ ಅಂತ ದೊರೆಗಳೇ ಬರ್ಸಿದಾರೆ!"

ಚನ್ನಕೇಶವಯ್ಯನವರಿಗೆ ನಗು ಬಂತು, ಒಡನೆಯೇ ಸಂಕಟವೂ ಆಯಿತು. "ಹಾಗಲ್ಲ ದೇವೀರಮ್ಮ. ರೈಟ್ ಅಂದ್ರೆ ಹಕ್ಕು ಅಂತಲೂ ಅರ್ಥ ಉಂಟು. ಇಲ್ಲಿ ನಡೆಯೋ ಹಕ್ಕು ನಿಮಗಿಲ್ಲ ಅಂತ ಬರ್ದಿರೋದು."

ಅವಳು ಹಲಗೆಯ ಅಕ್ಷರಗಳ ಮೇಲೆ ಎಡಗೈ ಬೆರಳು ಆಡಿಸಿದಳು. "ಸರಿ ಅನ್ನೋದಕ್ಕೂ ಹಕ್ಕು ಅನ್ನೋದಕ್ಕೂ ಅವರಲ್ಲಿ ಒಂದೇ ಮಾತಾ?" ಎಂದಳು. "ಒಳ್ಳೇ ಮಾತು."

ಬಳಸುದಾರಿ ಅರ್ಧ ಮೈಲಿ, ಪಾಚಿಗಟ್ಟಿದ ಬಂಡೆಗಳ ಇಳಿಜಾರು. ಹದಿನೈದು ದಿನ ಎಲ್ಲರೂ ಹೇಗೋ ನಡೆದರು. ಹದಿನಾರನೆಯ ದಿನ ಆರು ತಿಂಗಳ ಬಸುರಿ ಗಿಡ್ಡಮ್ಮ ತುಂಬಿದ ಕೊಡದೊಡನೆ ಅಲ್ಲಿ ಜಾರಿ ಬಿದ್ದಳು. ಅವಳು ಬದುಕಿದಳು, ಮಗು ಉಳಿಯಲಿಲ್ಲ.

ಮರುದಿನ ಬೆಳಗ್ಗೆ ದೇವೀರಮ್ಮ ಕೊಡದ ಜತೆಗೆ ಕಸಿಕತ್ತಿಯನ್ನೂ ತೆಗೆದುಕೊಂಡು ಹೊರಟಳು. ತಡಿಕೆಯ ಹಗ್ಗಗಳನ್ನು ಒಂದೊಂದಾಗಿ, ಗಿಡಕ್ಕೆ ನೋವಾಗಬಾರದೆಂಬ ನಾಜೂಕಿನಲ್ಲಿ ಕತ್ತರಿಸಿ, ಬಿದಿರನ್ನು ಪಕ್ಕಕ್ಕೆ ಒರಗಿಸಿ, ಹಳ್ಳಕ್ಕಿಳಿದು ನೀರು ತುಂಬಿಕೊಂಡು ಬಂಗಲೆಯ ಮುಂದೆಯೇ ಹತ್ತಿ ಬಂದಳು. ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ ದೊರೆ ಮೆಟ್ಟಿಲಿಳಿದು ಬಂದು ಅಡ್ಡ ನಿಂತ. ರೈಟರನ್ನು ಕರೆಸಿದ. ಅಷ್ಟರಲ್ಲಿ ಲೈನಿನ ಹೆಂಗಸರೆಲ್ಲ ಮೇಲಿನ ದಿಬ್ಬದಲ್ಲಿ ಸೇರಿದ್ದರು.

ಕತ್ತರಿಸಿದವರು ಯಾರು ಎಂಬ ಪ್ರಶ್ನೆಗೆ ಅವಳು ಮಡಿಚಿದ ತೋಳಿನ ಕೈಯನ್ನು ಎತ್ತಿ ತೋರಿಸಿದಳು. ಈ ರೈಟ್ ನಿನಗೆ ಯಾರು ಕೊಟ್ಟರು ಎಂದು ದೊರೆ ಕೇಳಿದ್ದನ್ನು ರೈಟರು ಕನ್ನಡದಲ್ಲಿ ಹೇಳಿದರು.

"ಕೊಡೋಕೆ ಯಾರಿದ್ರು ಸ್ವಾಮಿ? ಈ ಗುಡ್ಡದಲ್ಲಿ ಕಾಡು ಕಡಿದು ಗಿಡ ನೆಟ್ಟೋರು ನಮ್ಮ ಅಪ್ಪ ಅವ್ವ. ಅವರು ನೀರಿಗೆ ನಡೆದು ನಡೆದೇ ಈ ದಾರಿ ಆಗಿದ್ದು. ಬಂಗ್ಲೆ ಆಮೇಲೆ ಬಂತು. ನೆಲ ನಿಮ್ದೇ ಇರ್ಲಿ, ದಾರಿ ನಮ್ಮ ಕಾಲಿಂದು. ಸರಿಗೂ ಹಕ್ಕಿಗೂ ನಿಮ್ಮಲ್ಲಿ ರೈಟ್ ಅಂತ ಒಂದೇ ಮಾತಂತಲ್ಲ, ಹಂಗಾದ್ರೆ ಸರಿ ಇರೋ ಕಡೆಗೇ ಹಕ್ಕೂ ಇರಬೇಕು. ನಿನ್ನೆ ಒಂದು ಕೂಸು ಹೋಯ್ತು, ಅದಕ್ಕೆ ಯಾವ ಹಲಗೆ ಬರೆಸ್ತೀರಿ, ಹೇಳಿ ಮತ್ತೆ!"

ಚನ್ನಕೇಶವಯ್ಯನವರು ಇಪ್ಪತ್ತು ವರ್ಷ ಕೂಲಿಗಳ ಮಾತನ್ನು ಮೆತ್ತಗೆ ಮಾಡಿ ದೊರೆಗೆ ಒಪ್ಪಿಸುತ್ತ ಬಂದವರು. ಆ ದಿನ ಮಾತ್ರ ಒಂದು ಮಾತನ್ನೂ ಬಿಡದೆ, ಕೂಸಿನ ಮಾತನ್ನೂ ಬಿಡದೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದರು. ದೊರೆಯ ಮುಖ ಕೆಂಪೇರಿತು. ಅವಳ ಹೆಸರು ಹೊಡೆದುಹಾಕಿ, ಸಂಜೆಯೊಳಗೆ ಲೈನು ಖಾಲಿ ಮಾಡಿಸಿ ಎಂದು ಅಪ್ಪಣೆಯಾಯಿತು.

ಅದು ಹಣ್ಣು ಕೊಯ್ಲಿನ ಕಾಲ. ಮಾರನೆಯ ದಿನ ಬುಟ್ಟಿಗಳು ಬಂದವು, ಕೈಗಳು ಗಿಡಕ್ಕೆ ಹೋಗಲಿಲ್ಲ. ಹೆಂಗಸರು ಖಾಲಿ ಬುಟ್ಟಿ ಮುಂದಿಟ್ಟುಕೊಂಡು ಕಣದ ಅಂಚಿನಲ್ಲಿ ಸುಮ್ಮನೆ ಕೂತರು. ಮೇಸ್ತ್ರಿ ತಿಮ್ಮಪ್ಪ ಬೈದ, ಬೇಡಿದ, ಕೊನೆಗೆ ತಾನೂ ಒಂದು ಬದಿಗೆ ಕೂತ. ನಾಲ್ಕು ದಿನ ಮಾಗಿದ ಹಣ್ಣು ಗಿಡದಿಂದ ನೆಲಕ್ಕುದುರಿತು. ಐದನೆಯ ಬೆಳಗ್ಗೆ ನೋಡಿದರೆ ತಡಿಕೆ ಇರಲಿಲ್ಲ. ಹಲಗೆ ಮಾತ್ರ, ಮಾನ ಕಾಯುವುದಕ್ಕೆಂಬಂತೆ, ಹಾಗೆಯೇ ನಿಂತಿತ್ತು. ಅದರ ಪಕ್ಕದಲ್ಲೇ ಗಿಡ್ಡಮ್ಮನ ಅತ್ತೆ ಮೊದಲ ಕೊಡ ಹೊತ್ತು ದಾಟಿದಳು.

ದೇವೀರಮ್ಮನ ಹೆಸರು ಮಾತ್ರ ಮತ್ತೆ ಹಾಜರಿ ಪುಸ್ತಕಕ್ಕೆ ಏರಲಿಲ್ಲ. ಜಾವಳಿಯಲ್ಲಿ ಹತ್ತೆಕರೆ ತೋಟ ನಡೆಸುತ್ತಿದ್ದ ತುಂಗಮ್ಮನವರು ಅವಳನ್ನು ಕಸಿಗೆ ಇಟ್ಟುಕೊಂಡರು. ವರ್ಷದ ಮೇಲೆ ಚನ್ನಕೇಶವಯ್ಯನವರು ಅಲ್ಲಿಗೆ ಹೋಗಿ, "ದೊರೆ ಮೆತ್ತಗಾಗಿದಾರೆ. ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರೆ ವಾಪಸು ತಗೋತಾರೆ" ಎಂದರು.

"ತಪ್ಪು ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ ಸ್ವಾಮಿ?"

"ರಾಂಗ್."

"ಅದು ನಾನು ಕಲ್ತಿಲ್ಲ. ಈ ವಯಸ್ಸಲ್ಲಿ ಇನ್ನೊಂದು ಮಾತು ಎಲ್ಲಿ ಕಲಿಯೋದು?" ಎಂದು ಅವಳು ಮುಂದಿನ ಗಿಡಕ್ಕೆ ಸರಿದಳು.

ಇಂಥವರು ಬೆಟ್ಟದ ಒಂದೊಂದು ಮಡಿಲಿನಲ್ಲೂ ಒಬ್ಬೊಬ್ಬರಾದರೂ ಇದ್ದಾರು. ಬದುಕಿರುವಾಗ ನಾವು ಅವರನ್ನು ಜಗಳಗಂಟಿಯರೆನ್ನುತ್ತೇವೆ. ಅವರ ಜಗಳದಿಂದ ದಕ್ಕಿದ್ದನ್ನು ಉಣ್ಣುತ್ತ ಅವರ ಹೆಸರು ಮರೆಯುತ್ತೇವೆ. ಆಳುವವರ ನುಡಿಯನ್ನು ಶಾಲೆಯಲ್ಲಿ ಕಲಿತ ನಮ್ಮಂಥವರು ಅದರಲ್ಲಿ ವಿನಯದ ಅರ್ಜಿಗಳನ್ನು ಬರೆದುಕೊಂಡಿದ್ದೆವು. ಅಕ್ಷರವರಿಯದ ಈ ಹೆಂಗಸರೋ, ಆ ನುಡಿಯ ಒಂದೇ ಒಂದು ಪದವನ್ನು ಗಟ್ಟಿಯಾಗಿ ಹಿಡಿದು, ಈ ಮಾತು ನೀವೇ ಆಡಿದ್ದೀರಲ್ಲ, ಇನ್ನು ಅದರಂತೆ ನಡೆಯಿರಿ ಎಂದು ಆಳುವವರ ಅಂಗಳದಲ್ಲೇ ನಿಂತರು.