ಹಿಂದಿನ ಬೆಂಚಿನ ಟೀಚರು

ಅಕ್ಕನ ಎಡಗೈ ಕೋಟಿನ ತೋಳಿನೊಳಗೆ ಹೋಗುತ್ತಲೇ ಇರಲಿಲ್ಲ. ತಂಗಿ ತೋಳನ್ನು ಅಗಲಿಸಿ ಹಿಡಿದಿದ್ದಳು. ನರ್ಸ್ ಮೊಣಕೈ ಮಡಚಲು ನೋಡಿದಳು. ಶವಾಗಾರದ ಥಂಡಿಯಲ್ಲಿ ಸೆಟೆದ ಕೈ ಬಗ್ಗಲಿಲ್ಲ.

“ಬೆನ್ನ ಹತ್ರ ಹೊಲಿಗೆ ಬಿಚ್ಚಿಬಿಡೋಣ. ಮಲಗಿಸಿದ್ಮೇಲೆ ಯಾರಿಗೂ ಕಾಣಲ್ಲ,” ಎಂದಳು ನರ್ಸ್.

ಈ ಪರದೇಶದಲ್ಲಿ ಅಕ್ಕನ ಜೊತೆ ಒಂದೇ ಕೋಣೆಯಲ್ಲಿ ಇದ್ದವಳು ಇವಳು. ತಮ್ಮ ಭಾಷೆಯವಳೇ. ಸಾವಿನ ಸುದ್ದಿ ಮುಟ್ಟಿಸಿದವಳೂ ಇವಳೇ. ಹೆಣವನ್ನು ಊರಿಗೆ ಒಯ್ಯುವುದು ಆಗದ ಮಾತು ಎಂದು ತಿಳಿದ ಮೇಲೆ ತಂಗಿ ತಾನೇ ಹೊರಟು ಬಂದಿದ್ದಳು.

ಕತ್ತರಿ ಹುಡುಕಲು ತಂಗಿ ಅಕ್ಕನ ಚೀಲಕ್ಕೆ ಕೈ ಹಾಕಿದಾಗ ಗುಲಾಬಿ ಬಣ್ಣದ ಏಪ್ರನ್ ಒಂದು ಸಿಕ್ಕಿತು. ಜೇಬಿನ ಮೇಲೆ ಬಾತುಕೋಳಿಯ ಚಿತ್ರ, ಅದರ ಕೆಳಗೆ ಶಾಲೆಯ ಹೆಸರು.

“ಇದು ಯಾರ್ದು?”

“ಅಕ್ಕಂದೇ.”

“ಪಾಠ ಮಾಡೋಕೆ ಏಪ್ರನ್ ಯಾಕೆ?”

ನರ್ಸ್ ಏಪ್ರನ್ನನ್ನು ಕೈಗೆ ತೆಗೆದುಕೊಂಡು ಮಡಚಿದಳು. ಆಮೇಲೆ ಕೋಟನ್ನು ಅಕ್ಕನ ಎದೆಯ ಮೇಲೆ ಹಾಗೇ ಹೊದಿಸಿ, “ಮಧ್ಯಾಹ್ನ ದಹನಕ್ಕೆ ಸ್ಕೂಲಿನವರು ಬರ್ತಾರೆ. ಅವರ ಬಾಯಿಂದ ಕೇಳೋದಕ್ಕಿಂತ ನನ್ನ ಬಾಯಿಂದ್ಲೇ ಕೇಳಿಬಿಡಿ,” ಎಂದಳು.

*

ಅಕ್ಕ ಪಾಠ ಮಾಡುತ್ತಿದ್ದ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋದಾಗ ಅವಳ ಕೂದಲು ಅರ್ಧ ನರೆತಿತ್ತು. ಮದುವೆ ಆಗಿರಲಿಲ್ಲ. ಇಂಗ್ಲಿಷ್ ಕಲಿಸುವುದು ಬಿಟ್ಟು ಬೇರೆ ಕಸುಬು ಗೊತ್ತಿರಲಿಲ್ಲ. ಹೊರದೇಶಗಳಲ್ಲಿ ಇಂಗ್ಲಿಷ್ ಟೀಚರುಗಳಿಗೆ ಬರಗಾಲವಂತೆ ಎಂದು ಯಾರೋ ಹೇಳಿದ್ದೇ ತಡ, ಕಂಡ ಕಂಡ ಶಾಲೆಗಳಿಗೆಲ್ಲ ಅರ್ಜಿ ಹಾಕತೊಡಗಿದಳು.

ಸಂದರ್ಶನವೆಲ್ಲ ಕಂಪ್ಯೂಟರಿನಲ್ಲಿ. ತಂಗಿಯದು ದೀಪ ಹಿಡಿಯುವ ಕೆಲಸ. ಮುಖಕ್ಕೆ ಬೆಳಕು ಚೆನ್ನಾಗಿ ಬಿದ್ದರೆ ಬಣ್ಣ ಸ್ವಲ್ಪ ತಿಳಿಯಾಗಿ ಕಾಣುತ್ತದೆ ಎಂಬುದು ಇಬ್ಬರೂ ಬಾಯಿಬಿಟ್ಟು ಆಡದ ಮಾತು.

“ಇನ್ನೂ ಸ್ವಲ್ಪ ಮೇಲೆತ್ತೇ.”

“ಇನ್ನೂ ಎತ್ತಿದ್ರೆ ನೀನು ಕಾಣಲ್ಲ ಕಣೇ, ದೀಪಾನೇ ಕಾಣೋದು.”

“ಹಾಗಾದ್ರೆ ಕೆಲಸ ಗ್ಯಾರಂಟಿ!”

ಒಬ್ಬ ಮಹಾಶಯ ಮೊದಲು ಬರಿ ಧ್ವನಿಯಲ್ಲೇ ಮಾತಾಡಿದ. ಇಂಗ್ಲಿಷ್ ನಿಮ್ಮ ತಾಯ್ನುಡಿಯೇ ಎಂದು ಕೇಳಿದ. “ಅಲ್ಲ. ಅದಕ್ಕೇ ಅದನ್ನ ಕಲಿಯೋ ಕಷ್ಟ ನನಗೆ ಗೊತ್ತು,” ಎಂದಳು ಅಕ್ಕ. ಅವನು ಗಟ್ಟಿಯಾಗಿ ನಕ್ಕ, ಮೆಚ್ಚಿಕೊಂಡ, ಯಾವಾಗ ಬರುತ್ತೀರಿ ಎಂದೂ ಕೇಳಿದ. ಆಮೇಲೆ ಕ್ಯಾಮೆರಾ ಹಾಕಿ ಎಂದ. ಹಾಕಿದಳು. ನೆಟ್‌ವರ್ಕ್ ಸರಿಯಿಲ್ಲ, ಮತ್ತೆ ಕರೆಯುತ್ತೇನೆ ಎಂದು ಹೋದವನು ಹೋದದ್ದೇ.

“ಧ್ವನಿಗೆ ಹೂಂ ಅಂತಾರೆ, ಮುಖಕ್ಕೆ ಊಹೂಂ ಅಂತಾರೆ,” ಎಂದು ಅಕ್ಕ ಕಂಪ್ಯೂಟರ್ ಮುಚ್ಚಿ ಒಲೆ ಹಚ್ಚಲು ಹೋದಳು. ಆ ದಿನ ಹಾಲು ಉಕ್ಕಿ ಒಲೆ ಆರಿಹೋದರೂ ಅವಳಿಗೆ ಗೊತ್ತಾಗಲಿಲ್ಲ.

ಕೊನೆಗೆ ಒಬ್ಬ ಹೆಂಗಸು ಮುಖ ನೋಡಿಯೂ ಕೆಲಸ ಕೊಟ್ಟಳು. ತಂಗಿ ಬೀದಿಗೆಲ್ಲ ಡಂಗುರ ಸಾರಿದಳು. ಅಕ್ಕ ಮಾತ್ರ ಯಾಕೋ ಅಷ್ಟು ಹಿಗ್ಗಲಿಲ್ಲ. ಹುದ್ದೆಯ ಹೆಸರೇನು ಎಂದು ತಂಗಿ ಕೇಳಿದ್ದಕ್ಕೆ, “ಪಾಠ ಮಾಡೋದು ಕಣೇ, ಇನ್ನೇನು,” ಎಂದಿದ್ದಳು.

*

“ಸುಳ್ಳೇನಲ್ಲ. ಪಾಠವೆಲ್ಲ ಅಕ್ಕನೇ ಮಾಡ್ತಿದ್ದಿದ್ದು,” ಎಂದಳು ನರ್ಸ್. ಹೆಣದ ಗಾಡಿಯ ಹಿಂದೆ ಇಬ್ಬರೂ ಟ್ಯಾಕ್ಸಿಯಲ್ಲಿದ್ದರು. “ಆದ್ರೆ ತಂದೆತಾಯಿ ಬಂದು ಕೂತು ನೋಡೋ ದಿನ ಇರುತ್ತಲ್ಲ, ಅವತ್ತು ಮುಂದೆ ನಿಲ್ಲೋಕೆ ಬೇರೆ ಒಬ್ಬನ್ನ ಇಟ್ಕೊಂಡಿದ್ರು. ಬೆಳ್ಳಗೆ, ಎತ್ತರಕ್ಕೆ, ನೀಲಿ ಕಣ್ಣು. ಅವನ ದೇಶದಲ್ಲಿ ಟೈಲ್ಸ್ ಹಾಕ್ತಿದ್ದನಂತೆ. ಇಂಗ್ಲಿಷೂ ಅಷ್ಟಕ್ಕಷ್ಟೇ. ಅಕ್ಕ ಅವನಿಗೆ ಗೊಂಬೆ ಅಂತ ಹೆಸರಿಟ್ಟಿದ್ರು. ಮೂರು ಹಾಡು, ಒಂದು ಕತೆ ಬಾಯಿಪಾಠ ಮಾಡಿಸಿದ್ರು. ಅವನು ಮುಂದೆ ನಿಂತು ಅದನ್ನ ಒಪ್ಪಿಸೋದು. ಇವರು ಈ ಏಪ್ರನ್ ಕಟ್ಕೊಂಡು ಹಿಂದಿನ ಬೆಂಚಲ್ಲಿ ಮಕ್ಕಳ ಮೂಗು ಒರೆಸ್ತಾ ಕೂರೋದು. ತಂದೆತಾಯಿಗಳ ಲೆಕ್ಕದಲ್ಲಿ ಅವನು ಟೀಚರು, ಇವರು ಆಯಾ.”

ತಂಗಿ ಕಿಟಕಿಯ ಕಡೆ ತಿರುಗಿದಳು. ಊರಿನ ಬೀದಿಯಲ್ಲಿ ತಾನು ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು.

“ಯಾಕೆ ಒಪ್ಕೊಂಡ್ಳು?”

“ನಾನೂ ಬೈದೆ. ‘ಉಳಿದ ದಿನವೆಲ್ಲ ತರಗತಿ ನಂದೇ ಅಲ್ವೇನೇ,’ ಅಂದ್ರು. ಅಷ್ಟೇ.”

“ಸತ್ತಿದ್ದು ಹೇಗೆ? ಶಾಲೆಯಲ್ಲೇ ಅಂದಿದ್ರಿ.”

ನರ್ಸ್ ಚಾಲಕನ ಬೆನ್ನು ನೋಡುತ್ತಾ ಹೇಳಿದಳು. “ಅವತ್ತೂ ತಂದೆತಾಯಿಗಳು ಬಂದಿದ್ರು. ಗೊಂಬೆ ಹಾಡ್ತಿದ್ದ. ಎಲ್ಲರ ಕಣ್ಣೂ ಮುಂದಕ್ಕೆ. ಅಕ್ಕ ಹಿಂದೆ ಗೋಡೆಗೊರಗಿ ಕೂತಿದ್ರು. ಕೂತಲ್ಲೇ ಹಾರ್ಟ್ ನಿಂತುಹೋಗಿದೆ. ಪಕ್ಕದಲ್ಲಿದ್ದ ಹುಡುಗಿ ಮಾತ್ರ ಮಿಸ್ ಮಲಗಿದ್ದಾರೆ ಅಂತ ಅವರ ಕೈ ಹಿಡ್ಕೊಂಡು ಸುಮ್ಮನೆ ಕೂತಿದ್ದಳಂತೆ. ಎಲ್ಲಾ ಮುಗಿದು, ಚಪ್ಪಾಳೆ ತಟ್ಟಿ, ಫೋಟೋ ತೆಗೆಸ್ಕೊಂಡು ಎದ್ದಾಗಲೇ ಗೊತ್ತಾಗಿದ್ದು.”

*

ವಿದ್ಯುತ್ ಚಿತಾಗಾರದ ಹಾಲ್‌ನಲ್ಲಿ ಕುರ್ಚಿಗಳು ಬಹಳ ಇದ್ದವು, ಜನ ಕಡಿಮೆ. ಶಾಲೆಯ ಯಜಮಾನಿ ಕಪ್ಪು ಬಟ್ಟೆ ತೊಟ್ಟು ಬಾಗಿಲಲ್ಲೇ ನಿಂತಿದ್ದಳು. ತಂಗಿಯ ಎರಡೂ ಕೈ ಹಿಡಿದು ಏನೇನೋ ಹೇಳಿದಳು. ನರ್ಸ್ ಅದನ್ನು ಗಾಳಿಸಿ, “ತುಂಬಾ ನೋವಾಯ್ತಂತೆ,” ಎಂದಷ್ಟೇ ತಿಳಿಸಿದಳು.

ಗೊಂಬೆ ಕೊನೆಯ ಸಾಲಿನಲ್ಲಿದ್ದ. ತಂಗಿ ಅವನಿಗೆ ಬಯ್ಯಬೇಕೆಂದು ಟ್ಯಾಕ್ಸಿಯಲ್ಲೇ ಮಾತು ಜೋಡಿಸಿಕೊಂಡು ಬಂದಿದ್ದಳು. ಹತ್ತಿರ ಹೋದಾಗ ಅವನು ಎದ್ದು ನಿಂತ. ಅತ್ತು ಅತ್ತು ಮೂಗು ಕೆಂಪಾಗಿತ್ತು. ಷರಟಿನ ಕಾಲರ್ ಸವೆದಿತ್ತು.

“ನನಗೂ ಇಂಗ್ಲಿಷ್ ಅವರೇ ಕಲಿಸಿದ್ದು,” ಎಂದ. “ನಾನು ಹಾಡ್ತಾ ಇದ್ದೆ. ನನಗೆ ಕಾಣ್ತಾ ಇತ್ತು. ಮಲಗಿದ್ದಾರೆ ಅಂದ್ಕೊಂಡೆ.”

ಇಬ್ಬರದೂ ಅರೆಬರೆ ಇಂಗ್ಲಿಷ್. ಅದಕ್ಕೇ ಇರಬೇಕು, ಆ ಹಾಲ್‌ನಲ್ಲಿ ತಂಗಿಗೆ ನೇರವಾಗಿ ಅರ್ಥವಾದದ್ದು ಅವನ ಮಾತೊಂದೇ. ಜೋಡಿಸಿಕೊಂಡು ಬಂದ ಬೈಗುಳವನ್ನು ಅವಳು ಆಡದೇ ಬಿಟ್ಟಳು.

ಅಷ್ಟರಲ್ಲಿ ಒಬ್ಬ ತಾಯಿ ಪುಟ್ಟ ಮಗಳ ಕೈ ಹಿಡಿದು ಒಳಗೆ ಬಂದಳು. ಶಾಲೆಯ ಮಕ್ಕಳ ಮನೆಗಳಿಂದ ಬಂದವರು ಅವರಿಬ್ಬರೇ. ಹುಡುಗಿ ಹಟ ಹಿಡಿದಿದ್ದಳಂತೆ. ತಾಯಿ ತಂಗಿಯ ಮುಂದೆ ತಲೆ ಬಾಗಿಸಿದಳು.

“ಒಳ್ಳೇ ಆಯಾ ಆಗಿದ್ರಂತೆ,” ನರ್ಸ್ ನೆಲ ನೋಡುತ್ತಾ ಅನುವಾದಿಸಿದಳು. “ಇವರ ಮಗಳಿಗೆ ಶೂ ಲೇಸ್ ಕಟ್ಟೋದು ಕಲಿಸಿದ್ದು ಅವರೇ ಅಂತೆ.”

ತಂಗಿಗೆ ಮೈಯೆಲ್ಲ ಉರಿಯಿತು. ಅಕ್ಕ ಮುಚ್ಚಿಟ್ಟದ್ದನ್ನು ತಾನು ಬಯಲು ಮಾಡಬಹುದೇ, ಮಾಡಿದರೆ ಆ ಸವೆದ ಕಾಲರಿನವನ ಗತಿಯೇನು, ಇದೆಲ್ಲ ಮನಸ್ಸಿಗೆ ಬರುವ ಮೊದಲೇ ಬಾಯಿ ಆಡಿಬಿಟ್ಟಿತು.

“ಟೀಚರ್,” ಎಂದಳು. ತನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ, “ಷೀ ಟೀಚರ್. ನಾಟ್ ಆಯಾ.”

ತಾಯಿ ಗಲಿಬಿಲಿಯಿಂದ ಯಜಮಾನಿಯ ಕಡೆ ನೋಡಿದಳು. ಯಜಮಾನಿ ಮುಂದೆ ಬಂದು, ತಂಗಿಯ ಬೆನ್ನು ಸವರುತ್ತಾ ಮೆಲ್ಲಗೆ ಏನೋ ಹೇಳಿದಳು. ತಾಯಿಯ ಮುಖ ಕನಿಕರದಿಂದ ಕರಗಿತು.

“ಏನಂದ್ಲು?”

ನರ್ಸ್‌ಗೆ ಹೇಳಲು ಮನಸ್ಸಿರಲಿಲ್ಲ. “ಹೌದು ಹೌದು ಅಂದ್ಲು. ನಮ್ಮಲ್ಲಿ ನೆಲ ಒರೆಸೋರಿಗೂ ಮಕ್ಕಳು ಪ್ರೀತಿಯಿಂದ ಟೀಚರ್ ಅಂತ್ಲೇ ಕರೀತಾರೆ ಅಂದ್ಲು.”

ತಂಗಿ ಕುರ್ಚಿಯ ಬೆನ್ನು ಹಿಡಿದು ನಿಂತಳು. ನಿಜ ಹೇಳಿದ್ದೂ ಆಯಿತು, ಅದು ನೀರಿಗೆ ಬಿದ್ದದ್ದೂ ಆಯಿತು. ಹಾಲ್‌ನ ಮುಂದುಗಡೆ ಸಿಬ್ಬಂದಿಯವನು ಗುಂಡಿ ಒತ್ತಿದ. ಅಕ್ಕನನ್ನು ಮಲಗಿಸಿದ್ದ ಹಲಗೆ ಒಳಕ್ಕೆ ಜರುಗಿತು. ಕಬ್ಬಿಣದ ಬಾಗಿಲು ಇಳಿದು ಮುಚ್ಚಿಕೊಂಡಿತು.

“ವೇರ್ ಈಸ್ ಅವರ್ ಟೀಚರ್?”

ತಂಗಿ ಬೆಚ್ಚಿ ತಿರುಗಿದಳು. ಕೇಳಿದವಳು ಆ ಪುಟ್ಟ ಹುಡುಗಿ. ಆದರೆ ಮಾತುಗಳ ಕೊನೆಯ ರಕಾರವನ್ನೆಲ್ಲ ಗಾಲಿ ಉರುಳಿಸಿದಂತೆ ಉರುಳಿಸಿದ ರೀತಿ, ‘ಟೀ’ ಎನ್ನುವಾಗ ನಾಲಿಗೆ ಅಂಗುಳಕ್ಕೆ ಬಡಿದ ಗಟ್ಟಿ ಸದ್ದು, ಕೊನೆಯಲ್ಲಿ ಮೇಲಕ್ಕೆ ಎಳೆದ ರಾಗ, ಎಲ್ಲವೂ ಅಕ್ಕನವು. ಅಡುಗೆಮನೆಯಲ್ಲಿ ನಿಂತು ಪಾಠ ತಯಾರು ಮಾಡಿಕೊಳ್ಳುತ್ತಿದ್ದ ಅಕ್ಕನ ಇಂಗ್ಲಿಷ್.

ತಾಯಿ ನಾಚಿಕೊಂಡು ಮಗಳನ್ನು ಗದರಿದಳು. “ಹಾಗಲ್ಲ, ಸರ್ ಹೇಳೋ ಥರ ಸರಿಯಾಗಿ ಹೇಳು ಅಂತಿದ್ದಾಳೆ,” ಎಂದು ನರ್ಸ್ ಪಿಸುಗುಟ್ಟಿದಳು. “ನಿನ್ನ ಟೀಚರ್ ಇಲ್ಲೇ ನಿಂತಿದ್ದಾರಲ್ಲ ಅಂತಿದ್ದಾಳೆ.”

ತಾಯಿ ಮಗಳ ಗಲ್ಲ ಹಿಡಿದು ಗೊಂಬೆಯ ಕಡೆ ತಿರುಗಿಸಿದಳು. ಹುಡುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಒಂದು ಪಕ್ಕಕ್ಕೆ ಬಗ್ಗಿ, ಅವನ ಸೊಂಟದ ಬದಿಯಿಂದ ಇಣುಕಿ, ಅವನ ಹಿಂದೆ ದೂರದಲ್ಲಿ ಮುಚ್ಚಿದ್ದ ಕಬ್ಬಿಣದ ಬಾಗಿಲನ್ನೇ ನೋಡುತ್ತಾ ನಿಂತಳು.