ದೋಣಿದಾರಿ

ದೋಣಿಯ ಮೂತಿ ಹಗ್ಗಕ್ಕೆ ತಾಗಿ ನಿಂತಿತು. ಹಗ್ಗ ಒಳಕ್ಕೆ ಬಾಗಿ, ಅದನ್ನು ಕಟ್ಟಿದ್ದ ಗೂಟಗಳು ಎರಡೂ ಕಡೆ ವಾಲಿದವು. ದೋಣಿಯವರ ಮನೆಯ ಸೊಸೆ ಓಡಿ ಬಂದು ಹಗ್ಗದ ಒಳಗಡೆ ನಿಂತು, ದೋಣಿಯ ಮೇಲೆ ಎರಡೂ ಅಂಗೈಗಳನ್ನು ಊರಿದಳು. ಅಷ್ಟು ದೊಡ್ಡ ದೋಣಿಯನ್ನು ಒಬ್ಬ ಹೆಂಗಸು ಕೈಯಿಂದ ತಡೆಯುವುದು ಆಗದ ಮಾತು. ಆದರೂ ಪಕ್ಕಗಳಿಗೆ ಹೆಗಲು ಕೊಟ್ಟಿದ್ದ ಗಂಡಸರು ಉಸಿರು ಬಿಟ್ಟು ನಿಂತರು. ಅವರ ಬೆನ್ನ ಹಿಂದೆ ಸಮುದ್ರ ಮಧ್ಯಾಹ್ನದಿಂದಲೇ ಸೀಸದ ಬಣ್ಣಕ್ಕೆ ತಿರುಗಿತ್ತು. ಗಾಳಿ ಮಾತ್ರ ಇರಲಿಲ್ಲ. ಗಾಳಿಯಿಲ್ಲದೆ ಅಲೆ ಎತ್ತರವಾಗುವುದು ಒಳ್ಳೆಯದಲ್ಲವೆಂದು ಆ ದಂಡೆಯ ಮಕ್ಕಳಿಗೂ ಗೊತ್ತಿತ್ತು.

"ದಾರಿ ಬಿಡಮ್ಮ," ಎಂದ ಡಂಗುರ. ಅವನಿಗೆ ಬೇರೆ ಹೆಸರಿತ್ತು. ಆದರೆ ಕೇಳಿದ್ದು ಹೊಟ್ಟೆಗೆ ಇಳಿಯುವ ಮೊದಲೇ ಬಾಯಿಂದ ಹೊರಗೆ ಬಂದುಬಿಡುವುದರಿಂದ ದಂಡೆಯವರು ಇಟ್ಟ ಹೆಸರೇ ನಿಂತಿತು. ದೋಣಿ ಎಳೆಯುವಾಗ ಕೂಗು ಹಾಕುವವನೂ ಅವನೇ. "ಕತ್ತಲಾಗೋದ್ರೊಳಗೆ ನೀರು ಇಲ್ಲಿಗೆ ಬರತ್ತೆ. ಇದು ನಿನ್ನ ಮಾವನ ದೋಣಿ, ಪಕ್ಕದ ಮನೆಯವರದ್ದಲ್ಲ."

"ಗೊತ್ತು," ಎಂದಳು. ಕೈ ತೆಗೆಯಲಿಲ್ಲ.

ದಂಡೆಯ ಹಕ್ಕಿಗಳು ಮೊಟ್ಟೆಯಿಡುವ ಕಾಲಕ್ಕೆ ಪ್ರತಿ ವರ್ಷವೂ ಕರಾವಳಿ ಕಚೇರಿಯವರು ಬಂದು ಮೇಲ್ಮರಳಿಗೆ ಹಗ್ಗ ಕಟ್ಟುತ್ತಿದ್ದರು. ಮರಿಗಳು ಹಾರುವವರೆಗೆ ಅದರೊಳಗೆ ಜನ, ನಾಯಿ, ಗಾಡಿ, ದೋಣಿ ಯಾವುದೂ ಹೋಗುವಂತಿಲ್ಲ. ಹಿಂದೆ ಬರೀ ಹಗ್ಗವಿರುತ್ತಿತ್ತು. ಈ ವರ್ಷ ಕಾವಲಿಗೆ ಊರಿನವರೊಬ್ಬರು ಬೇಕೆಂದರು. ಸೊಸೆ ಯಾರನ್ನೂ ಕೇಳದೆ ಹೋಗಿ ಒಪ್ಪಿಕೊಂಡು, ಹಳದಿ ಮೇಲಂಗಿ ತೊಟ್ಟು ಬಂದಳು. ಗಂಡ ತೀರಿಹೋದ ಮೇಲೆ ಅವಳು ತಾನಾಗಿ ಹೊಸ್ತಿಲು ದಾಟಿದ್ದು ಅದೇ ಮೊದಲು. ಮನುಷ್ಯರನ್ನೇ ಕಾಯಲಾರದ ದಂಡೆಯಲ್ಲಿ ಹಕ್ಕಿ ಕಾಯುವುದಕ್ಕೆ ಸಂಬಳವೇ ಎಂದು ಅತ್ತೆ ಗೊಣಗಿದರು. ಮಾರನೆಯ ಬೆಳಿಗ್ಗೆ ಬೇಗ ಎದ್ದು ಬುತ್ತಿ ಕಟ್ಟಿಕೊಟ್ಟವರೂ ಅವರೇ.

ಆ ಹಕ್ಕಿಗಳು ಗೂಡು ಕಟ್ಟುವುದಿಲ್ಲ. ಬರಿಯ ಮರಳನ್ನು ಎದೆಯಿಂದ ಒತ್ತಿ, ಅಂಗೈಯಗಲದ ಗುಳಿ ಮಾಡಿ ಅದರಲ್ಲೇ ಮೊಟ್ಟೆಯಿಡುತ್ತವೆ. ಮೊಟ್ಟೆಗೂ ಮರಳಿಗೂ ಒಂದೇ ಬಣ್ಣ; ತುಳಿದ ಮೇಲೆಯೇ ಅದು ಮೊಟ್ಟೆಯೆಂದು ತಿಳಿಯುವುದು. ಒಡೆದು ಹೊರಬಂದ ಮರಿಯ ಪಾಡೂ ಅಷ್ಟೇ. ಹೆದರಿದರೆ ಓಡುವುದಿಲ್ಲ. ಇದ್ದಲ್ಲೇ ಮರಳಿಗೆ ಒತ್ತಿ ಕೂತುಬಿಡುತ್ತದೆ. ಆ ಗುಳಿಗಳು ಎಲ್ಲಕ್ಕಿಂತ ಹೆಚ್ಚಾಗಿ ಇದ್ದದ್ದು ದೋಣಿದಾರಿಯಲ್ಲಿ. ತಲೆಮಾರುಗಳಿಂದ ದೋಣಿ ಎಳೆದೆಳೆದು ಆ ಪಟ್ಟಿಯಲ್ಲಿ ಹುಲ್ಲು ಬಳ್ಳಿ ಹುಟ್ಟದೆ, ಚಿಪ್ಪೆಲ್ಲ ಪುಡಿಯಾಗಿ, ನೆಲ ಹದವಾಗಿ ಬಿದ್ದಿತ್ತು. ಹಕ್ಕಿಗೆ ಬೇಕಾದದ್ದೂ ಅಂಥ ನೆಲವೇ.

ಮಾವ ದೋಣಿಯ ಮುಂದೆ ಮಂಡಿಯೂರಿ, ಅಡಿಮರದ ಕೆಳಗೆ ಇಡಬೇಕಾದ ಉರುಳುದಿಮ್ಮಿಯನ್ನು ಹಿಡಿದುಕೊಂಡು ಕೂತಿದ್ದರು. ದಂಡೆಗೆಲ್ಲ ಅವರು ಮೇಸ್ತ್ರಿ. ಅಲ್ಲಿ ತೇಲುವ ದೋಣಿಗಳಲ್ಲಿ ಅರ್ಧಕ್ಕರ್ಧ ಅವರ ಕೈಯವೇ. ಈ ಒಂದನ್ನು ಮಾತ್ರ ಅವರು ಒಬ್ಬರೇ ಮಾಡಿರಲಿಲ್ಲ. ಒಂದೊಂದು ಹಲಗೆಯನ್ನೂ ತಂದೆ ಒಂದು ತುದಿ, ಮಗ ಒಂದು ತುದಿ ಹಿಡಿದು ಬೆಂಕಿಯ ಮೇಲೆ ಬಾಗಿಸಿದ್ದರು. ಮಗ ಹೋದದ್ದು ಬೇರೆಯವರ ದೋಣಿಯಲ್ಲಿ. ಸಮುದ್ರ ಅವನನ್ನು ಮೂರನೆಯ ದಿನ ಇದೇ ದಂಡೆಗೆ ತಂದುಕೊಟ್ಟಿತು. ಕೊಟ್ಟವನು ತಗೊಂಡ ಎಂದು ಮಾವ ಅಂದು ಹೇಳಿದರು. ಅಂದಿನಿಂದ ಬೆಳಗಿನ ಪ್ರಾರ್ಥನೆಯ ಕೊನೆಗೆ ದಿನವೂ ಅದನ್ನೇ ಹೇಳುತ್ತಿದ್ದರು.

"ಮೇಸ್ತ್ರಿ, ನೀವಾದ್ರೂ ಹೇಳಿ," ಎಂದ ಡಂಗುರ. ಮೇಸ್ತ್ರಿ ಕೈಯಲ್ಲಿದ್ದ ದಿಮ್ಮಿಯನ್ನು ತಿರುಗಿಸಿ ನೋಡತೊಡಗಿದರು. ಆಗ ಅವನು ಸೊಸೆಯ ಕಡೆಗೇ ತಿರುಗಿದ. ದೋಣಿ ಕೆಳಗೆ ಇರುವಾಗ ಮೇಲೆ ಹಗ್ಗ ಬಿಗಿದವರು ಎಂಥ ಬುದ್ಧಿವಂತರು, ಒಂದು ಮಾತು ಮೊದಲೇ ಹೇಳಬಾರದಿತ್ತೇ, ಮನೆಯಲ್ಲೇ ಇದ್ದವಳು ಮನೆಯವರಿಗೇ ಹೇಳದಿದ್ದರೆ ಊರಿಗೆ ಏನು ಹೇಳಿಯಾಳು ಎಂದು ಎಲ್ಲರಿಗೂ ಕೇಳುವಂತೆ ಕೇಳಿದ.

ಅವಳು ಹೇಳಿದ್ದಳು. ಹಗ್ಗ ಕಟ್ಟುವ ಮೊದಲು ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಇನ್ನೊಮ್ಮೆ ದೋಣಿಯ ಹತ್ತಿರವೇ ಹೋಗಿ ಹೇಳಿದ್ದಳು. ಉಳಿದವರೆಲ್ಲ ತಮ್ಮ ದೋಣಿಗಳನ್ನು ಮೇಲೆಳೆದುಕೊಂಡಿದ್ದರು. ಮಾವ ಮಾತ್ರ, ಬಿರುಕಿಗೆ ಅರಳೆ ತುಂಬುವುದು ಬಾಕಿ ಇದೆ, ನಾಳೆ ನೋಡೋಣ ಎಂದರು. ಆ ನಾಳೆ ಬರಲೇ ಇಲ್ಲ. ಯಾಕೆಂದು ಅವಳಿಗೆ ತಿಳಿದಿತ್ತು. ದೋಣಿ ಎಳೆಯುವಾಗ ಒಬ್ಬೊಬ್ಬನಿಗೂ ಅವನ ಎತ್ತರಕ್ಕೆ ತಕ್ಕ ಜಾಗ ನಿಗದಿಯಾಗಿರುತ್ತದೆ. ಒಬ್ಬನ ಜಾಗದಲ್ಲಿ ಇನ್ನೊಬ್ಬ ನಿಲ್ಲುವುದಿಲ್ಲ. ಮೂತಿಯ ಎಡಪಕ್ಕ ಮಗನದು. ದೋಣಿ ಎಳೆಯಬೇಕಾದರೆ ಅಲ್ಲಿಗೆ ಒಬ್ಬನನ್ನು ಕರೆಯಬೇಕು, ಅಥವಾ ಅದನ್ನು ಖಾಲಿ ಬಿಟ್ಟು ನೋಡಬೇಕು. ಮಾವನಿಗೆ ಎರಡೂ ಬೇಡವಾಗಿತ್ತು. ಈಗಲೂ ಆ ಜಾಗ ಖಾಲಿಯೇ ಇತ್ತು. ದೋಣಿ ಅದಕ್ಕೇ ಎಡಕ್ಕೆ ವಾಲಿಕೊಂಡು ಬಂದಿತ್ತು.

ಅವಳು ಮಾವನ ಮುಖ ನೋಡಿದಳು. ಅವರು ದಿಮ್ಮಿಯ ತೊಗಟೆಯನ್ನು ಉಗುರಿನಿಂದ ಕೆರೆಯುತ್ತಿದ್ದರು.

"ನಾನು ಹೇಳ್ಬೇಕಿತ್ತು," ಎಂದಳು. "ಹೇಳ್ಲಿಲ್ಲ. ನನ್ನದೇ ತಪ್ಪು."

ಕೆರೆಯುತ್ತಿದ್ದ ಉಗುರು ನಿಂತಿತು.

ಹಾಗಿದ್ದರೆ ಕಚೇರಿಯ ಸಾಹೇಬರನ್ನಾದರೂ ಕೇಳು ಎಂದರು ಯಾರೋ. ಅವಳು ಮೇಲಂಗಿಯ ಜೇಬಿನಿಂದ ಫೋನು ತೆಗೆದು ಕಚೇರಿಗೆ ಮಾಡಿದಳು. ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡು, ನಿಯಮದ ಪ್ರಕಾರ ಆಗುವುದಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿ, ಪರಿಸ್ಥಿತಿ ಅಲ್ಲಿರುವವರಿಗೇ ಗೊತ್ತು, ನೀವೇ ನೋಡಿಕೊಳ್ಳಿ, ನಾನು ಏನೂ ಕೇಳಿಸಿಕೊಂಡಿಲ್ಲ ಎಂದು ಫೋನು ಇಟ್ಟರು. ಪಕ್ಕದಲ್ಲೇ ಕತ್ತು ಚಾಚಿ ನಿಂತಿದ್ದ ಡಂಗುರನಿಗೆ ಅಷ್ಟು ಸಾಕಾಯಿತು.

"ಸಾಹೇಬ್ರೇ ಬಿಟ್ರಂತೆ ಕಣ್ರೋ," ಎಂದ. "ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂದ್ರೆ ಇದೇ ನೋಡಿ."

ಗಂಡಸರು ನಕ್ಕರು. ಒಂದು ಅಲೆ ಬಂದು ಹಿಂದೆ ನಿಂತವರ ಕಣಕಾಲನ್ನು ತೊಯ್ಯಿಸಿ, ದೋಣಿಯ ಹಿಂಭಾಗವನ್ನು ಒಮ್ಮೆ ಎತ್ತಿ ಧಪ್ಪೆಂದು ಬಿಟ್ಟಿತು. ನಗು ನಿಂತುಹೋಯಿತು. ಬಂಡೆಸಂದಿಯ ಕಡೆಯಿಂದ ಹತ್ತಿಸಬಹುದಲ್ಲ ಎಂದಳು ಅವಳು. ಅದು ದಂಡೆಯ ಕೊನೆಯಲ್ಲಿ ಎರಡು ಬಂಡೆಗಳ ನಡುವಿನ ಇಕ್ಕಟ್ಟಾದ ಏರು. ಅಲೆಗೆ ಪಕ್ಕ ಕೊಟ್ಟು ಅಲ್ಲಿಯವರೆಗೆ ಎಳೆಯುವುದು ಯಾರಿಗಾಗುತ್ತದೆ, ಮೊದಲೇ ಒಂದು ಹೆಗಲು ಕಡಿಮೆ, ದೋಣಿ ಉರುಳಿದರೆ ಒಬ್ಬನ ಕಾಲು ಹೋಗುತ್ತದೆ ಎಂದು ನಾಲ್ಕೂ ಕಡೆಯಿಂದ ಮಾತು ಬಂತು. ಅದು ಸುಳ್ಳಲ್ಲವೆಂದು ಅವಳಿಗೂ ಗೊತ್ತು.

ಡಂಗುರ ಈ ಸಲ ಮೆಲ್ಲಗೆ ಮಾತಾಡಿದ. ಮೆಲ್ಲಗೆ ಮಾತಾಡುವುದು ಅವನಿಗೆ ಬರುತ್ತದೆಂದು ಅವಳಿಗೆ ತಿಳಿದಿರಲಿಲ್ಲ. "ನೋಡು ತಾಯಿ. ಇವತ್ತು ಬರೋ ನೀರು ಹೆಂಗೂ ಆ ಮೊಟ್ಟೆಗಳನ್ನ ಹೊತ್ಕೊಂಡು ಹೋಗತ್ತೆ. ಹೋಗೋದನ್ನ ಕಾಯ್ತಾ, ಇರೋದನ್ನ ಕಳ್ಕೊಳ್ತೀಯಾ? ಅವನು ಮುಟ್ಟಿದ ಹಲಗೆ ಕಣಮ್ಮ ಇದು. ಅವನಿದ್ದಿದ್ರೆ ಇಷ್ಟು ಹೊತ್ತಿಗೆ ಹಗ್ಗ ಕೊಯ್ದಿರ್ತಿದ್ದ."

ಅವಳ ಅಂಗೈಗಳು ಆ ಹಲಗೆಯ ಮೇಲೆಯೇ ಇದ್ದವು.

ಮಾವ ಎದ್ದರು. ಸೊಂಟದಿಂದ ಅರಳೆ ತುಂಬುವ ಚೂರಿಯನ್ನು ತೆಗೆದು, ಅವಳು ನಿಂತಲ್ಲಿಂದ ಒಂದು ಮಾರು ಆಚೆಗೆ ಹೋಗಿ, ಹಗ್ಗವನ್ನು ಎಡಗೈಯಲ್ಲಿ ಎತ್ತಿ ಹಿಡಿದರು. ಗಂಡಸರು ಮತ್ತೆ ಹೆಗಲು ಕೊಟ್ಟರು. ಒಳಗೆ, ದೋಣಿದಾರಿಯ ನಡುವೆ, ಒಂದು ಹಕ್ಕಿ ಎದ್ದು ನಾಲ್ಕು ಹೆಜ್ಜೆ ಓಡಿ, ನಿಂತು, ತಿರುಗಿ ಬಂದು ಮೊದಲಿನ ಜಾಗದಲ್ಲೇ ಕೂತಿತು.

"ಮಾವ," ಎಂದಳು. "ಕೊಯ್ಯೋದಾದ್ರೆ ಕೊಯ್ಯಿರಿ. ನಾನು ಅಡ್ಡ ಬರಲ್ಲ. ಒಂದು ಮಾತು ಕೇಳ್ತೀನಿ."

ಅವರು ಕಾದರು.

"ಕೊಟ್ಟವನು ತಗೊಂಡ ಅಂತ ದಿನಾ ಹೇಳ್ತೀರಿ. ನಾನೂ ಗೋಡೆ ಆಚೆ ಕೂತು ಕೇಳಿಸ್ಕೊಂಡು, ಅದನ್ನೇ ಹಿಡ್ಕೊಂಡು ಬದುಕಿದೀನಿ. ಈ ಮೊಟ್ಟೆಗಳನ್ನ ಸಮುದ್ರ ತಗೊಂಡ್ರೆ ಹಾಗೇ ಅಂದ್ಕೊಳ್ಳೋಣ. ನಾವು ತಗೊಂಡ್ರೆ ನಾಳೆ ಬೆಳಿಗ್ಗೆ ಏನಂತ ಹೇಳ್ತೀರಿ?"

ಇನ್ನೊಂದು ಅಲೆ ದೋಣಿಯನ್ನು ಎತ್ತಿ ಇಳಿಸಿತು. ಮಾವ ಹಗ್ಗವನ್ನು ಹಿಡಿದುಕೊಂಡೇ ಇದ್ದರು. ಹಣೆಯ ಬೆವರು ಹುಬ್ಬಿಗಿಳಿದು ಕಣ್ಣಿಗೆ ಬಂದರೂ ಒರೆಸಿಕೊಳ್ಳಲಿಲ್ಲ. ಅವರು ಬೈಯುತ್ತಾರೆಂದು ಅವಳು ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು. ಕೊನೆಗೆ ಅವರು ಹಗ್ಗವನ್ನು ಕೈಬಿಟ್ಟರು. ಅದು ತೂಗಾಡಿ ನಿಂತಿತು.

"ದೋಣಿ ಇಲ್ಲಿ ಬಿಟ್ಟವನು ನಾನು," ಎಂದರು ಗಂಡಸರ ಕಡೆ ತಿರುಗದೆ. "ಅವಳು ಎರಡು ಸಲ ಹೇಳಿದ್ಲು. ತಿರುಗ್ಸಿ. ಬಂಡೆಸಂದಿಗೆ."

ಗಂಡಸರಿಗೆ ಅದು ಇಷ್ಟವಾಗಲಿಲ್ಲ. ಇಬ್ಬರು ಹೆಗಲೊರೆಸಿಕೊಂಡು ಹೊರಟೇ ನಿಂತರು. ಆದರೆ ಮೇಸ್ತ್ರಿ ದಿಮ್ಮಿಯನ್ನು ಎತ್ತಿಕೊಂಡು ಆಗಲೇ ನಡೆದಿದ್ದರು. ಮುದುಕ ಭಾರ ಹೊತ್ತು ಹೋಗುವಾಗ ಬೆನ್ನು ತೋರಿಸಿ ಮನೆಗೆ ಹೋಗುವ ಗಂಡಸು ಆ ದಂಡೆಯಲ್ಲಿ ಇರಲಿಲ್ಲ. ಡಂಗುರ ಕಚೇರಿಯವರ ಏಳು ತಲೆಮಾರನ್ನು ಬೈದು ಗೊಣಗುತ್ತ ತನ್ನ ಜಾಗಕ್ಕೆ ಹೋಗಿ ನಿಂತ.

ಸೊಸೆ ಹಗ್ಗದ ಕೆಳಗೆ ನುಸುಳಿ ಹೊರಬಂದಳು. ಹಳದಿ ಮೇಲಂಗಿಯನ್ನು ಕಳಚಿ ಗೂಟಕ್ಕೆ ಸಿಕ್ಕಿಸಿ, ಮೂತಿಯ ಎಡಪಕ್ಕಕ್ಕೆ ಹೋಗಿ ಹೆಗಲು ಕೊಟ್ಟಳು. ಹೆಗಲು ಹಲಗೆಯ ಅಂಚಿಗೆ ಸಿಗಲಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಂಗುರ, ಅಲ್ಲಿ ಬೇಡಮ್ಮ, ಎಂದು ಶುರುಮಾಡಿದವನು ಮೇಸ್ತ್ರಿ ಹಿಂತಿರುಗಿ ಬರುವುದನ್ನು ಕಂಡು ಸುಮ್ಮನಾದ. ಮಾವ ಅವಳ ಹತ್ತಿರ ಬಂದು ನಿಂತು, ಆ ಜಾಗವನ್ನೂ ಅವಳನ್ನೂ ಮರ ಅಳೆಯುವವರ ಹಾಗೆ ನೋಡಿದರು.

"ಅವನು ಎತ್ತರ ಇದ್ದ," ಎಂದರು. "ನಿನ್ನ ಹೆಗಲು ಎಟುಕಲ್ಲ. ತಿರುಗಿ ಬೆನ್ನು ಕೊಡು."

ಅವಳು ಬೆನ್ನು ಕೊಟ್ಟಳು. ಡಂಗುರ ಕೂಗು ಹಾಕಿದ.

ದೋಣಿ ಅಲೆಗೆ ಪಕ್ಕ ಕೊಟ್ಟು ಹೊರಟಿತು. ಪ್ರತಿ ಅಲೆಗೂ ಅದು ಹಗುರವಾಗಿ ತೇಲಿ, ನೀರು ಹಿಂದೆ ಸರಿದಾಗ ಎಲ್ಲರ ಮೈಮೇಲೆ ಒಮ್ಮೆಗೇ ಬೀಳುತ್ತಿತ್ತು. ಹಿಂದುಹಿಂದಕ್ಕೆ ನಡೆಯುತ್ತಿದ್ದವಳಿಗೆ ಹೋಗುವ ದಾರಿ ಕಾಣುತ್ತಿರಲಿಲ್ಲ; ಬಿಟ್ಟು ಬಂದದ್ದು ಮಾತ್ರ ಕಾಣುತ್ತಿತ್ತು. ಹಗ್ಗ, ಗೂಟದ ಮೇಲೆ ಹಳದಿ ಚುಕ್ಕೆ, ಅದರ ಕಡೆಗೆ ಏರುತ್ತಿರುವ ನೊರೆ. ಕಾಲ ಕೆಳಗಿನ ಮರಳನ್ನು ನೀರು ಕೊರೆದಾಗ ಒಮ್ಮೆ ಬಿದ್ದಳು. ಯಾರೋ ರಟ್ಟೆ ಹಿಡಿದು ಎತ್ತಿದರು, ಯಾರೆಂದು ನೋಡಲಿಲ್ಲ. ಬಂಡೆಸಂದಿಯ ಬಾಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಕಟ್ಟಿದರು. ಮಾವ ದಿಮ್ಮಿಯನ್ನು ಇಡುವುದೂ ಕೈ ಸೆಳೆದುಕೊಳ್ಳುವುದೂ ಒಂದೇ ಆಗಿ, ಅವರ ಬೆರಳುಗಳು ಪ್ರತಿ ಸಲವೂ ಕೂದಲೆಳೆಯಲ್ಲಿ ಉಳಿಯುತ್ತಿದ್ದವು. ಇನ್ನೇನು ದಾಟಿತು ಅನ್ನುವಾಗ ದೊಡ್ಡ ಅಲೆಯೊಂದು ಹಿಂದಿನಿಂದ ನೂಕಿತು. ದೋಣಿ ಬಂಡೆಗೆ ಬಡಿಯಿತು. ಒಣಗಿದ ಕೊಂಬೆ ಮುರಿದಂಥ ಸದ್ದು ಅವಳ ಬೆನ್ನಿನೊಳಗೇ ಕೇಳಿಸಿತು.

ಮೇಲೆ ಒಣಮರಳಿಗೆ ಮುಟ್ಟಿಸಿದ ಮೇಲೆ ಎಲ್ಲರೂ ನಿಂತಲ್ಲೇ ಮರಳಿಗೆ ಬಿದ್ದುಕೊಂಡರು. ಮಾವ ಮಾತ್ರ ದೋಣಿಯ ಪಕ್ಕಕ್ಕೆ ಹೋಗಿ, ಸೀಳಿದ ಹಲಗೆಯ ಉದ್ದಕ್ಕೂ ಅಂಗೈ ಆಡಿಸಿ, ಎರಡು ಬೆರಳು ಒಳಗೆ ಹೋಗುವ ಕಡೆ ನಿಲ್ಲಿಸಿದರು. ಅಲ್ಲಿಂದ ನೀರು ಸೋರುತ್ತಿತ್ತು.

ಬೆಳಿಗ್ಗೆ ಅವಳು ಎದ್ದಾಗ ಪ್ರಾರ್ಥನೆಯ ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ದಂಡೆಗೆ ಬಂದಾಗ ಮಾವ ಹಗ್ಗದ ಹತ್ತಿರ ನಿಂತಿದ್ದರು. ಡಂಗುರನೂ ಇದ್ದ. ಕೆಳಗಿನ ಗೂಟಗಳು ಕಿತ್ತುಹೋಗಿದ್ದವು. ಪಾಚಿಯೂ ಕಡ್ಡಿಕಸವೂ ಸೇರಿ ನೀರು ನಿಂತ ಗೆರೆ ದೋಣಿದಾರಿಯ ಮುಕ್ಕಾಲು ಭಾಗದವರೆಗೆ ಹೋಗಿತ್ತು. ಅದರ ಕೆಳಗಿನ ಮರಳು ಸಾರಿಸಿದ ಹಾಗೆ ನುಣ್ಣಗಿತ್ತು. ಗುಳಿಗಳಿರಲಿಲ್ಲ. ಅವಳು ಮೊದಲ ದಿನದಿಂದ ನೋಡುತ್ತ ಬಂದ ಗುಳಿಯೊಂದರ ಜಾಗವನ್ನು ಹುಡುಕಿದಳು. ಅದು ಎಲ್ಲಿತ್ತೆಂದೇ ತಿಳಿಯಲಿಲ್ಲ. ಗೆರೆಯ ಮೇಲ್ಗಡೆ ಅಲ್ಲೊಂದು ಇಲ್ಲೊಂದು ಹಕ್ಕಿ ಕೂತಿತ್ತು. ಕೆಳಗಡೆ ಮೊಟ್ಟೆ ಕಳಕೊಂಡವು ಬರೀ ಓಡಾಡುತ್ತಿದ್ದವು.

"ನಾನು ಹೇಳ್ಲಿಲ್ವಾ," ಎಂದ ಡಂಗುರ. ಅದರಲ್ಲಿ ಗೆದ್ದ ದನಿ ಇರಲಿಲ್ಲ. "ಮೊಟ್ಟೆಯೂ ಹೋಯ್ತು, ಹಲಗೆಯೂ ಹೋಯ್ತು."

"ಹಲಗೆ ಬಾಗಿಸೋಕೆ ಇನ್ನೊಂದು ತುದಿ ಹಿಡಿಯೋರು ಬೇಕು," ಎಂದರು ಮಾವ. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಅವಳು, ಹಿಡಿಯುತ್ತೇನೆ, ಎಂದಳು. ಅವರು ಆಗಲಿ ಎಂಬಂತೆ ತಲೆಯಾಡಿಸಿ, ಹಗ್ಗದ ಹೊರಗಿನ ದಾರಿ ಹಿಡಿದು ಮನೆಯ ಕಡೆಗೆ ನಡೆದರು. ಡಂಗುರ ಅವರ ಜೊತೆಗೆ ಹೊರಟ. ಸ್ವಲ್ಪ ದೂರ ಹೋದ ಮಾವ ಥಟ್ಟನೆ ನಿಂತು, ಡಂಗುರನ ಎದೆಗೆ ಅಡ್ಡವಾಗಿ ತೋಳು ಚಾಚಿದರು.

ಹಗ್ಗದ ಹೊರಗೆ, ಜನ ತುಳಿದು ಓಡಾಡುವ ಒಣಮರಳಿನಲ್ಲಿ, ಹಕ್ಕಿಯೊಂದು ಎದೆಯನ್ನು ನೆಲಕ್ಕೊತ್ತಿ ಸುತ್ತ ತಿರುಗುತ್ತಿತ್ತು. ತಿರುಗಿ, ನಿಂತು, ಕಾಲಿನಿಂದ ಒಂದಿಷ್ಟು ಮರಳು ಹಿಂದಕ್ಕೆ ತೂರಿ, ಮತ್ತೆ ತಿರುಗುತ್ತಿತ್ತು. ಮಾವ ಎತ್ತಿದ ಕಾಲನ್ನು ಮುಂದಿಡದೆ, ಮೆಲ್ಲಗೆ, ತಮ್ಮದೇ ಹಿಂದಿನ ಹೆಜ್ಜೆಯ ಗುರುತಿನೊಳಕ್ಕೆ ಇಟ್ಟರು.